ಏಳನೇ ಕಲಮಿನ ಹೆಸರು

ಬೆಳಿಗ್ಗೆ ಹನ್ನೊಂದು ಇಪ್ಪತ್ತು, ಉಯಿಲಿನ ಏಳನೇ ಕಲಮಿನಲ್ಲಿ ಹೆಸರಿನ ಜಾಗ ಖಾಲಿ, ವಕೀಲೆಯ ಪೆನ್ನಿನ ತುದಿ ಅಲ್ಲೇ ಊರಿ ನಿಂತಿದೆ, ಅದರ ಕೆಳಗೆ ಶಾಯಿಯ ಚುಕ್ಕಿಯೊಂದು ಹರಡುತ್ತಿದೆ, ಹೇಳಿ, ನೀವಿಬ್ಬರೂ ಒಟ್ಟಿಗೇ ಹೋದರೆ ಮಕ್ಕಳು ಯಾರ ಹತ್ರ ಇರ್ತಾರೆ, ಎಷ್ಟು ಸಲೀಸಾಗಿ ಕೇಳಿಬಿಟ್ಟರು, ಒಟ್ಟಿಗೇ ಹೋಗುವುದೆಂದರೆ ಪೇಟೆಗೆ ಹೋಗಿ ಬಂದಂತೆ — ಲಿಫ್ಟ್ ರಿಪೇರಿಯವನು ಹೆಂಡತಿಯತ್ತ ತಿರುಗಿದ, ಅವಳು ಆಗಲೇ ಅವನನ್ನೇ ನೋಡುತ್ತಿದ್ದಳು. ಮೊದಲಿನ ಆರು ಕಲಮುಗಳು ಇಪ್ಪತ್ತು ನಿಮಿಷದಲ್ಲಿ ಮುಗಿದಿದ್ದವು, ಮನೆ ಇಬ್ಬರು ಮಕ್ಕಳಿಗೂ ಸಮಪಾಲು, ಚಿಕ್ಕವನಿಗೆ ಇಪ್ಪತ್ತೊಂದು ತುಂಬುವವರೆಗೆ ಮಾರುವಂತಿಲ್ಲ, ಚಿಕ್ಕವನಿಗೆ ಈಗ ಎಂಟು ತಿಂಗಳು, ಮೊನ್ನೆಯಷ್ಟೇ ಒಂದು ಹಲ್ಲು ಬಂದಿದೆ, ಅವನ ಇಪ್ಪತ್ತೊಂದನ್ನು ಇವರು ಟೈಪು ಮಾಡಿಸಿಬಿಟ್ಟಿದ್ದಾರೆ. ಒಂದು ಲಿಫ್ಟಿಗೆ ಐದು ಉಕ್ಕಿನ ಹಗ್ಗ, ಒಂದೇ ಸಾಕು ಇಡೀ ಭಾರ ಹೊರಲು, ಆದರೂ ಐದು, ಐದೂ ಹರಿದರೆ ಹಳಿಯನ್ನು ಕಚ್ಚಿ ಹಿಡಿಯಲು ಕೆಳಗಡೆ ಇನ್ನೊಂದು ಹಿಡಿತ, ಹದಿನಾಲ್ಕು ವರ್ಷದಿಂದ ಅದನ್ನು ಕೈಯಿಟ್ಟು ನೋಡದೆ ಯಾವ ಲಿಫ್ಟನ್ನೂ ಬಿಟ್ಟವನಲ್ಲ, ಒಳಗೆ ನಿಂತವರು ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿರುತ್ತಾರೆ, ತಮ್ಮ ಕಾಲ ಕೆಳಗೆ ಏನಿದೆ ಎಂದು ಒಬ್ಬರೂ ಕೇಳುವುದಿಲ್ಲ, ಅವನೂ ಕೇಳಿರಲಿಲ್ಲ, ತನ್ನ ಮನೆಯ ಮಟ್ಟಿಗೆ. ಅಣ್ಣ ಇದ್ದಾನೆ, ಕೇಳಿದರೆ ಸಾಕು, ಮರುಮಾತಿಲ್ಲದೆ ಕರೆದುಕೊಂಡು ಹೋಗುತ್ತಾನೆ, ಅಪ್ಪ ಹೋದ ಮೇಲೆ ಅವನೇ ಅಲ್ಲವೇ ಸಾಕಿದ್ದು, ನಿನ್ನನ್ನ ಮನುಷ್ಯನನ್ನಾಗಿ ಮಾಡಿದ್ದು ಯಾರೋ, ನಾನು ಕಣೋ — ಬಾಗಿಲ ಹಿಂದಿನ ಮೊಳೆ, ಮೊಳೆಗೆ ತೂಗುಹಾಕಿದ ಬೆಲ್ಟು, ನಲವತ್ತರ ಹತ್ತಿರ ಬಂದರೂ ಯಾರಾದರೂ ಬಾಗಿಲು ಜೋರಾಗಿ ಮುಚ್ಚಿದರೆ ಬೆನ್ನು ತಾನಾಗಿ ಬಿಗಿಯುತ್ತದೆ, ಇಲ್ಲ, ಅಣ್ಣ ಬೇಡ. ಅತ್ತೆಗೆ ನೀರಿನ ಜಗ್ಗು ಎತ್ತಲು ಎರಡೂ ಕೈ ಬೇಕು. ಉಳಿದವಳು ಹೆಂಡತಿಯ ತಂಗಿ, ಶಿಶುವಿಹಾರ ನಡೆಸುವವಳು, ದಿನಕ್ಕೆ ಮೂವತ್ತು ಮಕ್ಕಳ ಮೂಗು ಒರೆಸುವವಳು, ಮೂರು ವಾರದ ಹಿಂದೆ ಅಡುಗೆಮನೆಯಲ್ಲಿ ಅವನು ತಟ್ಟೆ ಒರೆಸುತ್ತಿದ್ದಾಗ ಅರ್ಧ ನಿಮಿಷದಲ್ಲಿ ತೀರ್ಮಾನವಾಗಿತ್ತು, ಇನ್ಯಾರಿದ್ದಾರೆ, ನನ್ನ ತಂಗಿನೇ, ಹೌದಲ್ವಾ, ಇನ್ಯಾರು, ಇಬ್ಬರಿಗೂ ಎಷ್ಟು ಹಗುರವಾಗಿತ್ತೆಂದರೆ ಅವಳನ್ನು ಒಂದು ಮಾತು ಕೇಳಬೇಕೆಂದೇ ಹೊಳೆಯಲಿಲ್ಲ, ಇವತ್ತು ಕೂಡ ಸ್ವಲ್ಪ ಕಾಗದದ ಕೆಲಸ ಇದೆ, ಹೇಗೂ ರಜೆ, ಮಕ್ಕಳನ್ನ ನೋಡ್ಕೋ ಬಾ ಎಂದಷ್ಟೇ ಹೇಳಿ ಕರೆತಂದಿದ್ದರು. ತಂಗಿ ಹೆಸರು ಬರ್ಕೊಳ್ಳಿ ಮೇಡಂ, ಎಂದಳು ಹೆಂಡತಿ. ಅವರು ಒಪ್ಪಿದ್ದಾರೆ ತಾನೇ, ಎಂದರು ವಕೀಲೆ. ಚುಕ್ಕಿ ಇನ್ನೂ ಹರಡುತ್ತಿತ್ತು. ಹೊರಗೇ ಕೂತಿದಾಳೆ. ಹಾಗಾದ್ರೆ ಕರೀರಿ.

ಬಂದಳು, ಚಿಕ್ಕವನು ಸೊಂಟದ ಮೇಲೆ, ಅವನ ಜೊಲ್ಲಿಗೆ ಅವಳ ಭುಜ ತೊಯ್ದಿದೆ, ಆರು ವರ್ಷದ ಮಗಳು ಹಿಂದಿನಿಂದ ಅವಳ ಸೆರಗು ಹಿಡಿದಿದ್ದಾಳೆ, ವಕೀಲೆ ವಿವರಿಸುವಷ್ಟು ಹೊತ್ತು ಅವಳು ನಗುತ್ತಲೇ ಇದ್ದಳು, ಏನಕ್ಕಾ, ಹೋಟೆಲಲ್ಲಿ ಊಟ ಕೊಡಿಸ್ತೀಯೇನೋ ಅಂತ ಬಂದ್ರೆ ಮಕ್ಕಳನ್ನೇ ಕೊಡ್ತಿದೀಯಲ್ಲೇ, ಆಮೇಲೆ ಯಾರೂ ನಗಲಿಲ್ಲ, ಅವಳ ನಗುವೂ ನಿಂತಿತು. ಭಾವ, ಇದು ನಿಜಾನಾ. ಅವನು ಮೇಜಿನ ಅಂಚು ನೋಡಿದ, ಎಂಟನೇ ಮಹಡಿಯಲ್ಲಿ ಸಿಕ್ಕಿಬಿದ್ದವರಿಗೆ ಗಾಬರಿ ಆಗ್ಬೇಡಿ, ಬಂದೆ ಎಂದು ಕೂಗಿ ಹೇಳುವವನು. ಆಗಲ್ಲ ಅಕ್ಕಾ, ಎಂದಳು, ಮೆಲ್ಲಗೆ, ಮಗುವಿನ ಬೆನ್ನು ತಟ್ಟುತ್ತಲೇ, ಸಂಜೆ ಆರಕ್ಕೆ ಕೊನೇ ಮಗುನ ಅವರಮ್ಮನ ಕೈಗೆ ಕೊಟ್ಟು ಬಾಗಿಲು ಹಾಕ್ತೀನಲ್ಲ, ಆ ಬಾಗಿಲು ಹಾಕೋದಕ್ಕೇ ನಾನು ಬೆಳಿಗ್ಗೆ ಏಳೋದು, ನನಗೆ ಮಕ್ಕಳು ಬೇಡ ಅಂತ ಎಷ್ಟು ಸಲ ಹೇಳಿದೀನಿ, ನೀನು ತಮಾಷೆ ಅಂದ್ಕೊಂಡೆ. ನಿನ್ನ ಸ್ವಂತ ಅಕ್ಕನ ಮಕ್ಕಳು ಕಣೇ, ಹೆಂಡತಿಯ ದನಿ ಒಡೆಯಿತು. ಅದಕ್ಕೇ ಸುಳ್ಳು ಹೇಳ್ತಿಲ್ಲ, ಬೇರೆಯವರದ್ದಾಗಿದ್ರೆ ಹೂಂ ಅಂದು ಸಹಿ ಹಾಕ್ಬಿಡ್ತಿದ್ದೆ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಅವಳ ಕೈ ಮಗುವಿನ ಬೆನ್ನ ಮೇಲೆ ಒಂದೇ ಲಯದಲ್ಲಿ ಆಡುತ್ತಿತ್ತು, ಮಗು ನಿದ್ದೆಗೆ ಜಾರುತ್ತಿತ್ತು, ಅಷ್ಟು ಚೆನ್ನಾಗಿ ಅವನಿಗೇ ಮಲಗಿಸಲು ಬರುವುದಿಲ್ಲ. ನೀವಿಬ್ರೂ ಎಲ್ಲಿಗೆ ಹೋಗ್ತೀರಪ್ಪಾ, ಮಗಳು ಕೇಳಿದಳು, ಎಲ್ಲೂ ಇಲ್ಲ ಪುಟ್ಟಾ, ಮತ್ತೆ ಚಿಕ್ಕಮ್ಮ ಯಾಕೆ ಬೇಡ ಅಂತಿದಾಳೆ, ನಾನೂ ಬರ್ತೀನಿ ನಿಮ್ಜೊತೆ — ನಾನೂ ಬರ್ತೀನಿ, ನಾನೂ ಬರ್ತೀನಿ — ವಕೀಲೆ ಪೆನ್ನು ಎತ್ತಿಕೊಂಡರು, ಆ ಕಲಮು ಹಾಗೇ ಇರಲಿ, ಒಂದು ತಿಂಗಳು ತಗೊಳ್ಳಿ, ಯೋಚನೆ ಮಾಡಿ ಒಂದು ಹೆಸರು ತನ್ನಿ, ಒಂದು ತಿಂಗಳು, ಮೂವತ್ತು ದಿನ, ದಿನಕ್ಕೆ ಎಷ್ಟು ರಸ್ತೆ, ಎಷ್ಟು ತಿರುವು, ಇಬ್ಬರೂ ಒಂದೇ ಕಾರಿನಲ್ಲಿ, ಖಾಲಿ ಜಾಗದ ನಡುವೆ ಆ ನೀಲಿ ಚುಕ್ಕಿ ಅಷ್ಟಕ್ಕೇ ನಿಂತಿತ್ತು.

ಬರುವಾಗ ಐದೂ ಜನ ಒಂದೇ ಕಾರಿನಲ್ಲಿ ಬಂದಿದ್ದರು. ಹನ್ನೆರಡು ಗಂಟೆಗೆ ತಂಗಿ ಆಟೋ ಹಿಡಿದಳು, ಹೆಂಡತಿ ಚಿಕ್ಕವನನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಅವನು ಮಗಳನ್ನು ಕಾರಿನಲ್ಲಿ ಕರೆದುಕೊಂಡು ಬೇರೆ ರಸ್ತೆಯಲ್ಲಿ ಮನೆಗೆ ಹೋದ.