ಗಡಿಯಾರದಜ್ಜನ ತುಂಡು

ಮೂರನೇ ಮಹಡಿಯ ಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ಅಟ್ಟಣಿಗೆ ಕುಸಿದು ಬಣ್ಣದವನ ಜೊತೆಗಾರ ಸತ್ತ. ಬಣ್ಣದವನು ಕಿಟಕಿಯ ಸರಳಿಗೆ ಜೋತುಬಿದ್ದು ಉಳಿದುಕೊಂಡ. ಅಟ್ಟಣಿಗೆಗೆ ಹಗ್ಗ ಕಟ್ಟಿದ್ದು ಅವನೇ. ವಿಚಾರಣೆಗೆ ಬಂದವರು ಹಗ್ಗವೇ ಹಳತಾಗಿ ಲಡ್ಡಾಗಿತ್ತು, ಕಟ್ಟಿದವನ ತಪ್ಪೇನಿಲ್ಲ ಎಂದು ಹೇಳಿ ಹೋದರು. ಜೊತೆಗಾರನ ಹೆಂಡತಿ ಕೂಡ ಒಂದು ಕೆಟ್ಟ ಮಾತಾಡಲಿಲ್ಲ. ಅಂದಿನಿಂದ ಅವನು ಮಂಚದ ಅಂಚಿನಲ್ಲಿ ಕೂತು, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಕರೆದರೆ ಊಟಕ್ಕೆ ಏಳುವನು, ಕರೆಯದಿದ್ದರೆ ಅದೂ ಇಲ್ಲ.

ಅವನ ಹೆಂಡತಿ ಬೇಕರಿಯಲ್ಲಿ ಹಿಟ್ಟು ನಾದುವವಳು. ಬೇಕರಿಯಿಂದ ಮನೆಗೆ ಬರುವ ದಾರಿಯಲ್ಲಿ, ರೈಲು ಹಳಿಯ ಪಕ್ಕ, ತರಕಾರಿ ಬೆಳೆದುಕೊಳ್ಳಲೆಂದು ನಗರಸಭೆಯವರು ಜನರಿಗೆ ಹಂಚಿದ ಪುಟ್ಟ ಪುಟ್ಟ ಜಾಗಗಳಿದ್ದವು. ಎಲ್ಲರೂ ಅವನ್ನು 'ತುಂಡು' ಎನ್ನುತ್ತಿದ್ದರು. ಒಂದು ತುಂಡು ಖಾಲಿಯಾಗಿದೆ ಎಂದು ಕೇಳಿದ್ದೇ ಅವಳು ಹೋಗಿ ತನ್ನ ಹೆಸರಿಗೆ ಮಾಡಿಸಿಕೊಂಡಳು. ಅವಳಿಗೆ ಬೇಕಿದ್ದದ್ದು ತರಕಾರಿಯಲ್ಲ. ಗಂಡ ಆ ಮಂಚ ಬಿಟ್ಟು ಎದ್ದರೆ ಸಾಕಿತ್ತು.

"ಇದು ಗಡಿಯಾರದಜ್ಜಂದು," ಎಂದ ಗೇಟಿನ ಕಾವಲುಗಾರ. "ಪೇಟೆ ಮೂಲೇಲಿ ಗಡಿಯಾರ ರಿಪೇರಿ ಮಾಡ್ತಿದ್ದರಲ್ಲ, ಅವರೇ. ಲಕ್ವ ಹೊಡೆದು ಆಸ್ಪತ್ರೆ ಸೇರಿದ್ರು. ಇನ್ನು ಬರೋದಿಲ್ಲ ಅಂತ ಸೊಸೇನೇ ಕಚೇರಿಗೆ ಬಂದು ಬಿಟ್ಟುಕೊಟ್ಟಳಂತೆ. ಒಳಗೆ ಹಾವು ಗೀವು ಇದ್ದರೆ ನನ್ನನ್ನ ಕರೀಬೇಡಿ. ನಾನು ಗೇಟಿಗೆ ಮಾತ್ರ ಕಾವಲು."

ತುಂಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುತ್ತಿರಲಿಲ್ಲ. ಎದೆಮಟ್ಟ ಬೆಳೆದ ಹುಲ್ಲಿನ ಮೇಲೆ ಮುಳ್ಳುಬಳ್ಳಿ ಹೊದಿಕೆಯ ಹಾಗೆ ಹರಡಿತ್ತು. ಬಣ್ಣದವನು ಬೇಲಿಯ ಹತ್ತಿರ ಸುಮ್ಮನೆ ನಿಂತ. ಹೆಂಡತಿ ಕುಡುಗೋಲು ಬೀಸಿದಳು. ಹುಲ್ಲು ಬಾಗಿತೇ ಹೊರತು ತುಂಡಾಗಲಿಲ್ಲ. ಇನ್ನೊಂದು ಸಲ ಬೀಸಿದಾಗ ತನ್ನ ಹೆಬ್ಬೆರಳನ್ನೇ ಕುಯ್ದುಕೊಂಡಳು.

"ಹಾಗಲ್ಲ, ಕೊಡಿಲ್ಲಿ," ಎಂದ ಅವನು.

ಎಷ್ಟೋ ದಿನಗಳ ಮೇಲೆ ಅವನಾಗಿಯೇ ಆಡಿದ ಮಾತು ಅದು. ಅವಳು ಸೆರಗಿನ ಚುಂಗಿನಿಂದ ಬೆರಳು ಸುತ್ತಿಕೊಂಡು, ಅಳು ತಡೆದುಕೊಂಡು, ಪಕ್ಕಕ್ಕೆ ಸರಿದಳು.

ಆಮೇಲೆ ದಿನವೂ ಬಂದರು. ಅವನು ಬಳ್ಳಿ ಕಡಿದು ಎಳೆಯುವನು, ಅವಳು ರಾಶಿ ಹಾಕುವಳು. ಮುಟ್ಟಿದರೆ ಉರಿಯುವ ಸೊಪ್ಪಿನಿಂದ ಇಬ್ಬರ ಕೈಯಲ್ಲೂ ದದ್ದು ಎದ್ದವು. ಹುಲ್ಲು ಹೋದ ಮೇಲೆ ಗರಿಕೆಯ ಬೇರು. ಒಂದೆಡೆ ಎಳೆದರೆ ಇನ್ನೊಂದೆಡೆ ನೆಲ ಅಲ್ಲಾಡುತ್ತಿತ್ತು. ಗುದ್ದಲಿಗೆ ಗಾಜಿನ ಚೂರು, ಚಪ್ಪಲಿ ಅಟ್ಟೆ, ಹಾಸಿಗೆಯ ಸ್ಪ್ರಿಂಗು ಸಿಕ್ಕವು. "ಇನ್ನೊಂದಡಿ ಅಗೆದರೆ ಮಂಚಾನೂ ಸಿಗತ್ತೆ," ಎಂದ. ಅವಳು ನಕ್ಕಳು. ಅವನು ನಗಲಿಲ್ಲ. ಆದರೂ ಆ ಸಂಜೆ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಮೂಲೆಯ ಮುಳ್ಳು ಬಿಡಿಸಿದಾಗ ಒಳಗೊಂದು ಮರವಿತ್ತು. ಎಲೆ ಒಂದೂ ಇಲ್ಲ, ಬೂದು ತೊಗಟೆ, ಬಳ್ಳಿ ಬಿಗಿದು ಸೊಟ್ಟಗಾದ ಕೊಂಬೆಗಳು.

"ಒಣಗಿದೆ. ಕಡಿದುಬಿಡಿ," ಎಂದಳು ಅವಳು. "ಇಲ್ಲಾಂದ್ರೆ ಪಾತಿಗೆ ನೆರಳು ಬೀಳತ್ತೆ."

ಗರಗಸ ಬುಡದ ಅರ್ಧಕ್ಕೆ ಹೋಗುವಷ್ಟರಲ್ಲಿ ಸೀಳಿನಿಂದ ಬೆಳ್ಳಗೆ ಹಾಲು ಒಸರಿತು. ಅವನು ಗರಗಸ ನಿಲ್ಲಿಸಿದ. "ಜೀವ ಇದೆ ಕಣೇ. ಅಂಜೂರ ಇದು."

"ಅರ್ಧ ಕುಯ್ದಾಯ್ತಲ್ಲ. ಇನ್ನೇನು ಅಂಟಿಸೋಕಾಗತ್ತಾ? ಮುಗಿಸಿ."

ಅವನು ಮುಗಿಸಿದ.

ಮಣ್ಣು ಹದವಾಗಿ, ಪಾತಿ ಕಟ್ಟಿ, ಮೂಲಂಗಿ ಬೀಜ ಹಾಕಬೇಕೆಂದಿದ್ದ ದಿನ ಗೇಟಿನಿಂದ ಗಾಲಿಕುರ್ಚಿಯೊಂದು ಬಂತು. ಅದರಲ್ಲಿ ಕೂತಿದ್ದ ಮುದುಕರ ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈಯಲ್ಲಿ ಕೋಲು. ಕುರ್ಚಿ ತಳ್ಳುತ್ತಿದ್ದ ಸೊಸೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ಗಡಿಯಾರದಜ್ಜ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ತುಂಡನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದು ಸೊಸೆ ಅಷ್ಟು ದಿನ ನಂಬಿಸಿದ್ದಳು. ಇವತ್ತು ಅಜ್ಜ ಹಟ ಹಿಡಿದು ಬಂದೇಬಿಟ್ಟರು.

ಅವರು ಪಾತಿಗಳನ್ನು ನೋಡಲಿಲ್ಲ. ಮೂಲೆಯ ಮೋಟನ್ನು ನೋಡಿದರು.

"ಯಾರು ಕಡಿದಿದ್ದು?"

"ನಾನು," ಎಂದ ಬಣ್ಣದವನು.

"ನನ್ನ ಮಗ ನೆಟ್ಟಿದ್ದು. ಅವನು ಹೋದ ಮೇಲೂ ಕಾಯಿ ಬಿಡ್ತಿತ್ತು." ಮಾತು ತೊದಲುತ್ತಿತ್ತು, ಆದರೆ ಒಂದಕ್ಷರವೂ ಕಳೆದುಹೋಗಲಿಲ್ಲ. "ಯಾರನ್ನ ಕೇಳಿ ಬಂದ್ರಿ ಇಲ್ಲಿಗೆ?"

ಬಣ್ಣದವನ ಹೆಂಡತಿ ಸೊಸೆಯ ಮುಖ ನೋಡಿದಳು. ಸೊಸೆ ನೆಲ ನೋಡಿದಳು. ಕುರ್ಚಿಯ ಹಿಂದೆಯೇ ಬಂದಿದ್ದ ಕಾವಲುಗಾರ ಬಾಯಿ ಹಾಕಿದ: "ನಿಮ್ಮ ಸೊಸೇನೇ ಬಿಟ್ಟುಕೊಟ್ಟಿದ್ದಲ್ವಾ ಅಜ್ಜಾ?"

ಅಜ್ಜ ಕೋಲಿನಿಂದ ಗೇಟಿನ ಕಡೆ ತೋರಿಸಿದರು. ಕುರ್ಚಿ ತಿರುಗಿತು.

ಮೂಲಂಗಿ ಬೀಜ ಪೊಟ್ಟಣದಲ್ಲೇ ಉಳಿಯಿತು. ಬಣ್ಣದವನು ಮನೆಗೆ ಬಂದವನೇ ಮಂಚದ ಅಂಚಿನಲ್ಲಿ ಕೂತ. "ನಾನು ಕೈ ಹಾಕಿದ್ದೆಲ್ಲ ಹೀಗೇ," ಎಂದ. "ಕಡೀರಿ ಅಂದಿದ್ದು ನಾನು," ಎಂದು ಹೆಂಡತಿ ಹೇಳಿದ್ದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಸೊಸೆ ಅವರ ಮನೆಗೇ ಬಂದಳು. ಆಸ್ಪತ್ರೆಯಲ್ಲಿ ಆಯಾ ಕೆಲಸ ಅವಳದು. ಸಮವಸ್ತ್ರದಲ್ಲೇ ಬಂದಿದ್ದಳು. ಕೊಟ್ಟ ನೀರನ್ನು ಕುಡಿಯದೆ ಲೋಟ ಹಿಡಿದೇ ಕೂತಳು.

"ಮಾವ ನನ್ನ ಕೈಯಿಂದ ಏನೂ ತಿಂತಿಲ್ಲ ಅಕ್ಕಾ. ತುತ್ತು ಹಿಡಿದರೆ ಮುಖ ತಿರುಗಿಸ್ತಾರೆ. ಪಕ್ಕದ ಮನೆಯವರು ಬಂದು ಹಾಕಿದರೆ ಎರಡು ಚಮಚ, ಅಷ್ಟೇ. ಮನೇಲಿ ಇರೋದೇ ನಾವಿಬ್ಬರು. ಹೀಗೇ ಹೋದರೆ ಉಳಿಯೋದಿಲ್ಲ."

"ಆ ಮರ ಅಲ್ಲಿತ್ತು ಅಂತ ನಿಮಗೆ ಗೊತ್ತಿರಲಿಲ್ವಾ?" ಎಂದಳು ಬಣ್ಣದವನ ಹೆಂಡತಿ.

"ನನ್ನ ಗಂಡ ನೆಟ್ಟ ಮರ ನನಗೆ ಗೊತ್ತಿರಲ್ವಾ?" ಸೊಸೆ ಲೋಟವನ್ನು ನೆಲಕ್ಕಿಟ್ಟಳು. "ಹಗಲೆಲ್ಲ ಆಸ್ಪತ್ರೇಲಿ ರೋಗಿಗಳನ್ನ ಎತ್ತಿ ಇಳಿಸಿ, ರಾತ್ರಿಯೆಲ್ಲ ಇವರನ್ನ ಎತ್ತಿ ಇಳಿಸಬೇಕು. ಇರೋರಿಗೇ ಕೈ ಸಾಲದು, ಹೋದವರ ಮರಕ್ಕೆ ನೀರು ಯಾರು ಹಾಕ್ತಾರೆ? ಇವರೂ ಉಳಿಯೋದಿಲ್ಲ ಅಂದಿದ್ರು ಡಾಕ್ಟರು. ಬಿಟ್ಟುಕೊಟ್ಟೆ." ಆಮೇಲೆ ಮಂಚದ ಕಡೆಗೆ ತಿರುಗಿ ಹೇಳಿದಳು, "ಒಂದು ಮಾತು ಕೇಳೋಕೆ ಬಂದೆ. ನಾನು ಬಿಟ್ಟುಕೊಡಲಿಲ್ಲ, ನೀವೇ ಏನೋ ಮಾಡಿ ತಗೊಂಡ್ರಿ ಅಂತ ಒಂದು ಸಲ ಅವರ ಎದುರು ಹೇಳಿಬಿಡಿ."

ಬಣ್ಣದವನ ಹೆಂಡತಿಗೆ ಮೈಯೆಲ್ಲ ಉರಿಯಿತು. "ನಿಮ್ಮ ತಪ್ಪನ್ನ ನಮ್ಮ ತಲೆಗೆ ಕಟ್ಟೋಕೆ ಬಂದ್ರಾ? ಚೆನ್ನಾಗಿದೆ! ಮೊದಲೇ ಹುಣ್ಣಾಗಿರೋ ಮನುಷ್ಯ ಇವರು. ಮೇಲೆ ಬರೆ ಬೇರೆ ಎಳೀಬೇಕಾ?"

ಮಂಚದಿಂದ ಬಣ್ಣದವನು ಎದ್ದ. ಗೂಟದಿಂದ ಅಂಗಿ ತೆಗೆದುಕೊಂಡ. "ನಡೀರಿ," ಎಂದ.

ಅಜ್ಜನ ಮನೆ ಒಂದೇ ಕೋಣೆ. ಗೋಡೆಯಲ್ಲಿ ನಿಂತುಹೋದ ಗಡಿಯಾರಗಳು, ಕಿಟಕಿ ಹತ್ತಿರ ಮಂಚ, ಮಂಚದ ಕೆಳಗೆ ಬೇಸಿನ್ನು. ಅಕ್ಕಪಕ್ಕದ ನಾಲ್ಕಾರು ಜನ ಬಾಗಿಲಲ್ಲಿ ನಿಂತಿದ್ದರು. ಬಣ್ಣದವನು ಮಂಚದ ಪಕ್ಕ ಬಗ್ಗಿ ನಿಂತು, ಓದಿದ ಹಾಗೆ ಹೇಳಿದ:

"ಅಜ್ಜಾ, ನೀವು ಸತ್ತುಹೋದ್ರಿ ಅಂತ ಕಚೇರೀಲಿ ಹೇಳಿ ನಾನೇ ತುಂಡು ತಗೊಂಡೆ. ಸೊಸೆ ಬಿಟ್ಟುಕೊಟ್ಟರು ಅಂತ ಕಾವಲುಗಾರನ ಕಿವಿ ಊದಿದ್ದೂ ನಾನೇ. ಈ ತಾಯಿಗೆ ಏನೂ ಗೊತ್ತಿಲ್ಲ."

ಅಜ್ಜ ಅವನನ್ನೇ ನೋಡಿದರು. ಆಮೇಲೆ ಕೋಲೆತ್ತಿ ಹೊಡೆದರು. ಮೊದಲ ಪೆಟ್ಟು ಭುಜಕ್ಕೆ, ಎರಡನೆಯದು ಕಿವಿಯ ಮೇಲೆ. ಬಣ್ಣದವನು ಹಿಂದೆ ಸರಿಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಹಿಂದೆಯೇ ಬಂದಿದ್ದ ಹೆಂಡತಿ ಓಡಿಬಂದು ಅವನನ್ನು ಹೊರಗೆ ಎಳೆದುಕೊಂಡಳು. ಬಾಗಿಲಲ್ಲಿದ್ದವರಲ್ಲೊಬ್ಬರು, "ಥೂ, ಇಂಥವರೂ ಇರ್ತಾರಲ್ಲ," ಎಂದರು.

ಒಳಗೆ ಸೊಸೆ ಗಂಜಿ ಬಟ್ಟಲು ಹಿಡಿದು ಮಂಚದ ಬಳಿ ಕೂತಳು. ಅಜ್ಜ ಬಾಯಿ ತೆರೆದರು.

ದಾರಿಯಲ್ಲಿ ಹೆಂಡತಿ ಅವನ ಕಿವಿಯ ರಕ್ತ ಒರೆಸುತ್ತ ಕೇಳಿದಳು, "ಯಾಕೆ ಹೋಗಿ ಪೆಟ್ಟಿಗೆ ಮೈ ಕೊಟ್ರಿ?"

"ಅವನ ಹೆಂಡತಿ ಒಂದೇ ಒಂದು ಸಲ ಹೊಡೆದಿದ್ರೆ ಸಾಕಿತ್ತು ಕಣೇ," ಎಂದ. ಯಾರ ಹೆಂಡತಿ ಎಂದು ಅವಳು ಕೇಳಬೇಕಾಗಲಿಲ್ಲ. "ಎಲ್ಲರೂ ಹಗ್ಗದ ತಪ್ಪು, ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಅಂದ್ರು."

ಮರುದಿನ ಅವನು ಒಬ್ಬನೇ ಹೋಗಿ ಬೀಜ ಹಾಕಿಬಂದ.

ಸುದ್ದಿಗೆ ಕಾಲಿರಲಿಲ್ಲ, ರೆಕ್ಕೆ ಇತ್ತು. ತುಂಡುಗಳಲ್ಲಿ ಕೆಲಸ ಮಾಡುವವರು ಇವರನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಪಕ್ಕದ ತುಂಡಿನವರು ನೀರಿನ ಪೈಪು ಕೊಡುವುದು ಬಿಟ್ಟರು. ನಿಜ ಗೊತ್ತಿದ್ದ ಕಾವಲುಗಾರ ಗೇಟಿನಾಚೆ ಮುಖ ತಿರುಗಿಸಿ ಕೂರುತ್ತಿದ್ದ. ಸೊಸೆ ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದಳು. ಮೂಲಂಗಿ ಬಂತು, ಬೀನ್ಸ್ ಬಂತು. ಮನೆಗೆ ಬೇಕಾದ್ದಕ್ಕಿಂತ ಹೆಚ್ಚಾದದ್ದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಬಣ್ಣದವನು ಕಾಂಪೌಂಡ್ ಗೋಡೆಗಳ ಕೆಲಸ ಹಿಡಿದ. ಏಣಿ ಹತ್ತಬೇಕಾದ ಕೆಲಸಕ್ಕೆ ಒಲ್ಲೆ ಎನ್ನುತ್ತಿದ್ದ.

ಬೇಸಿಗೆಯ ಬಿಸಿಲು ಜೋರಾಗುವ ಹೊತ್ತಿಗೆ ಅಜ್ಜ ತೀರಿಕೊಂಡರು. ಇನ್ನಾದರೂ ಸೊಸೆ ನಾಲ್ಕು ಜನರ ಮುಂದೆ ನಿಜ ಹೇಳಿಯಾಳು ಎಂದು ಬಣ್ಣದವನ ಹೆಂಡತಿ ಕಾದಳು. ಹೇಳಲಿಲ್ಲ. ಒಂದು ದಿನ ಸೊಸೆ ಬೇಕರಿಗೆ ಬ್ರೆಡ್ಡಿಗೆ ಬಂದಾಗ ಇವಳು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ, ಮೆಟ್ಟಿಲ ಮೇಲೆ ಅಡ್ಡ ನಿಂತಳು.

"ಇನ್ನಾದ್ರೂ ಹೇಳಬಹುದಲ್ಲಮ್ಮಾ. ಈಗ ಯಾರಿಗೆ ಏನು ನಷ್ಟ?"

ಸೊಸೆ ಸೊರಗಿ ಅರ್ಧವಾಗಿದ್ದಳು. "ಕೊನೇ ತುತ್ತು ನನ್ನ ಕೈಯಿಂದ ತಿಂದ್ರು," ಎಂದಳು. "ನೀನಿಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತು ಅಂದ್ರು. ಎಲ್ಲರ ಎದುರು ಅಂದ್ರು. ಬಿಟ್ಟುಕೊಟ್ಟಿದ್ದು ನಾನೇ ಅಂತ ಹೇಳಿದರೆ ಆ ಮಾತೂ ಸುಳ್ಳಾಗತ್ತೆ ಅಕ್ಕಾ. ನನಗೆ ಉಳಿದಿರೋದು ಅದೊಂದೇ."

ಬಯ್ಯಲೆಂದು ಬಂದವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಪಾಳಿ ಮುಗಿಸಿ ತುಂಡಿಗೆ ಹೋದಾಗ ಗಂಡ ಹಳೆಯ ಬೀನ್ಸ್ ಬಳ್ಳಿ ಕೀಳುತ್ತಿದ್ದ. ಪಕ್ಕದ ತುಂಡಿನವರು ಇವಳನ್ನು ಕಂಡು ಬೆನ್ನು ತಿರುಗಿಸಿದರು.

"ಅಜ್ಜನ ಸೊಸೆ ಸಿಕ್ಕಿದ್ರಾ?" ಎಂದು ಕೇಳಿದ ತಲೆಯೆತ್ತದೆ.

"ಸಿಕ್ಕಿದ್ರು."

"ಏನಂದ್ರು?"

"ನಿಮ್ಮ ಆರೋಗ್ಯ ಕೇಳಿದ್ರು," ಎಂದಳು. ಅವನ ಪಕ್ಕ ಕೂತು ಕಿತ್ತ ಬಳ್ಳಿಗಳನ್ನು ಒಟ್ಟು ಮಾಡತೊಡಗಿದಳು.