ಜಿಗಣಿಯಲ್ಲಿ ಇಟ್ಟ ಎಡೆ

ಅಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವಳು ಮಣ್ಣಾದ ಮೇಲೆ. ಎಂಬತ್ತೆರಡನೆಯ ಇಸವಿ, ಪಿತೃಪಕ್ಷ ಹಿಡಿದಿತ್ತು. ಮಹದೇವಪುರದ ನಮ್ಮ ಮನೆಯ ಜಗಲಿಯಲ್ಲಿ ಹುರುಳಿ ಆರಿಸುತ್ತ ಕುಳಿತಿದ್ದೆ. ಜಿಗಣಿಯ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವ ಆಂಜಿನಪ್ಪ ಎಂಬಾತ ಬಂದು ಅಂಗಳದಲ್ಲೇ ನಿಂತ. ಅವನ ರೆಪ್ಪೆಯ ಮೇಲೂ ಕಲ್ಲಿನ ಪುಡಿ ಕೂತಿತ್ತು.

"ಈಶ್ವರಮ್ಮನೋರ ಮಗಳು ನೀವೇ ಅಲ್ವಾ ಅಕ್ಕ?" ಎಂದ. ಆ ಹೆಸರಿನ ಜೊತೆ ಸೇರಿಸಿ ನನ್ನನ್ನು ಯಾರೂ ಕೇಳಿರಲಿಲ್ಲ, ಬಹಳ ವರ್ಷಗಳಿಂದ.

ಜ್ವರ ಬಂದು ಹೋದಳಂತೆ. ಮಂತ್ರ ಗಿಂತ್ರ ಬೇಡವೆಂದು ಮೊದಲೇ ಹೇಳಿದ್ದಳಂತೆ. ಕ್ವಾರಿಯವರೇ ಹೊತ್ತು ಮಣ್ಣು ಮಾಡಿದರಂತೆ. ನನ್ನ ಮನೆ ಎಲ್ಲಿದೆಯೆಂದು ಅವರಿಗೆ ತಿಳಿದದ್ದೇ ಆಮೇಲೆ. ಇಷ್ಟು ಹೇಳಿ ಅವನು ಬಂದ ಕಾರಣಕ್ಕೆ ಬಂದ.

"ಅಮಾಸೆಗೆ ಆಯಮ್ಮಂಗೆ ಎಡೆ ಇಡ್ತೀವಿ ಅಂತವ್ರೆ ನಮ್ಮ ಎಂಗಸ್ರು. ಮಗಳು ಇರೋವಾಗ ನಾವು ಇಟ್ರೆ ತಪ್ಪಾಯ್ತದೇನೋ, ಒಂದ್ ಮಾತು ಕೇಳಾನ ಅಂತ ಬಂದೆ."

ನಮ್ಮಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ಹೊಸ ಬಟ್ಟೆ, ಅವರಿಗೆ ಇಷ್ಟವಾದ ಅಡಿಗೆ ಇಟ್ಟು ಪೂಜೆ ಮಾಡುತ್ತಾರೆ. ಮದುವೆಯಾದ ಹೆಂಗಸಿಗೆ ಗಂಡನ ಮನೆಯಲ್ಲೇ ಎಡೆ. ಅಮ್ಮ ಮನೆ ಬಿಟ್ಟ ಮೇಲೆ ಅಪ್ಪ ಇನ್ನೊಂದು ಮದುವೆಯಾದರು. ಆ ಮನೆಯಲ್ಲಿ ಅವಳ ಹೆಸರೆತ್ತುವವರಿಲ್ಲ. ನನ್ನ ಮನೆಯಲ್ಲಿ ನನ್ನ ಗಂಡನ ಕಡೆಯ ಹಿರಿಯರಿಗೆ ಮಾತ್ರ. ಇಡುವುದಾದರೆ ಇವರೇ ಇಡಬೇಕು. ತಪ್ಪಿಲ್ಲ ಎಂದೆ.

"ಆಯಮ್ಮಂಗೆ ಏನಿಷ್ಟ ಇತ್ತಕ್ಕಾ? ನಾವೇನು ಕೊಟ್ರೂ ಉಣ್ಣೋರು. ಇದು ಬೇಕು ಅಂತ ಒಂದಿನ ಬಾಯ್ಬಿಟ್ಟು ಕೇಳ್ನಿಲ್ಲ."

ನನಗೂ ಗೊತ್ತಿರಲಿಲ್ಲ. ಅಮಾವಾಸ್ಯೆಗೆ ನಾನೇ ಬರುತ್ತೇನೆ ಎಂದುಬಿಟ್ಟೆ.

ಅಮ್ಮನ ಬಗ್ಗೆ ಯೋಚಿಸಿದರೆ ನನ್ನ ನೆನಪಿಗೆ ಬರುವುದು ಬೆಂಕಿ. ತಾತ ಪೇಟೆಯಿಂದ ತಂದ ಕೆಂಪು ಲಂಗ ಒಂದಿತ್ತು. ಪರದೇಶದ ಬಟ್ಟೆ ಸುಡುವ ದಿನ ಅಮ್ಮ ಅದನ್ನೂ ಒಯ್ದು ಹಾಕಿದಳು. ನಾನು ಅತ್ತೆ, ಅವಳು ತಿರುಗಿ ನೋಡಲಿಲ್ಲ. ಆಮೇಲೆ ಮನೆಯನ್ನೇ ಬಿಟ್ಟಳು. ಜೈಲಿಗೆ ಹೋದಳು, ಸ್ವರಾಜ್ಯ ಬಂತು, ಅವಳು ಮಾತ್ರ ಬರಲಿಲ್ಲ. ಬಡವರ ಮನೆಗೆ ಸ್ವರಾಜ್ಯ ಇನ್ನೂ ಬಂದಿಲ್ಲವೆಂದು ಊರೂರು ತಿರುಗಿದಳು. ಭೂಮಿಯ ಕಾನೂನು ಬಂದಾಗ ನಮ್ಮ ಗೇಣಿದಾರರ ಪರ ನಿಂತು ನನ್ನ ಗಂಡನ ಮೇಲೆಯೇ ಅರ್ಜಿ ಹಾಕಿಸಿದಳು. ಅಂದು ನಮ್ಮ ಬಾಗಿಲಲ್ಲಿ ಬಿಸಿಲಿಗೆ ನಿಂತಿದ್ದವಳಿಗೆ ನೀರು ಒಯ್ದೆ. ಕುಡಿದರೆ ಗೇಣಿದಾರರು ತನ್ನನ್ನು ನಂಬುವುದಿಲ್ಲ ಎಂದಳು. ನ್ಯಾಯ ಅವರ ಕಡೆಗೇ ಇತ್ತು. ನೀರಿನ ಚೊಂಬು ನನ್ನ ಕೈಯಲ್ಲೇ ಉಳಿಯಿತು.

ಜಿಗಣಿಗೆ ಹೋಗುವ ವಿಷಯ ಹೇಳಿದಾಗ ಯಜಮಾನರು ಎಲೆಅಡಿಕೆಯ ತಟ್ಟೆ ಎಳೆದುಕೊಂಡರು. ಆಮೇಲೆ, "ನೀರು ಕುಡೀದೆ ಓದೋಳು ಎಡೆ ಉಣ್ಣಾಕ್ ಬತ್ತಾಳಾ?" ಎಂದರು. ಎಲೆಅಡಿಕೆ ಮೆಲ್ಲುತ್ತ ಮತ್ತೆ ಅವರೇ, "ಓಗ್ಬಾ. ಆ ಕ್ವಾರಿಯೋರ ತಾವಾದ್ರೆ ಬಂದಾಳು" ಎಂದರು.

ಏನು ಇಡುವುದೆಂಬುದು ಮಾತ್ರ ಹೊಳೆಯಲಿಲ್ಲ. ಹಬ್ಬದ ಮುನ್ನಾದಿನ ಮುದ್ದೆ ಮಾಡಿದ ಮಡಕೆಯನ್ನು ಕೆರೆಯುವಾಗ ತಳಕ್ಕೆ ಹತ್ತಿ ಸೀದ ಸೀಕು ಕರಕರ ಎಂದಿತು. ಕೈ ನಿಂತಿತು. ಎಲ್ಲರ ಊಟವಾದ ಮೇಲೆ ಅಮ್ಮ ಒಲೆಯ ಹಿಂದೆ ಕೂತು ಆ ಸೀಕು ಎಬ್ಬಿಸಿ, ಉಪ್ಪು ಉದುರಿಸಿ, ಅರ್ಧ ಮುರಿದು ನನ್ನ ಬಾಯಿಗಿಡುತ್ತಿದ್ದಳು. ಅಜ್ಜಿಗೆ ಕಾಣದ ಹಾಗೆ ಇಬ್ಬರೂ ತಿನ್ನುತ್ತಿದ್ದೆವು. ಸದ್ದಾದರೆ ನಗುತ್ತಿದ್ದಳು. ಅದನ್ನು ಬಲ್ಲವಳು ಈಗ ನಾನೊಬ್ಬಳೇ.

ಮರುದಿನ ಮನೆಯ ಎಡೆ ಮುಗಿಸಿ, ಒಂದು ಖಾದಿ ಸೀರೆ ಹಿಡಿದು, ಮಾರತ್ತಹಳ್ಳಿಯಿಂದ ಬಸ್ಸು ಬದಲಿಸುತ್ತ ಜಿಗಣಿ ಸೇರುವಾಗ ಹೊತ್ತು ಇಳಿದಿತ್ತು. ಕ್ವಾರಿಯವರ ನಡುವೆ ಅಮ್ಮ ಕೊನೆಗಾಲ ಕಳೆದ ಶೀಟಿನ ಮನೆಯಲ್ಲಿ ಆಂಜಿನಪ್ಪನ ಹೆಂಡತಿ ಮಾರಕ್ಕ ಕಡುಬು, ವಡೆ, ಸಾರು ಎಲ್ಲ ಮಾಡಿಟ್ಟಿದ್ದಳು. ಅಮ್ಮ ಬೈದ ಬೈಗುಳಗಳನ್ನು ಒಂದೊಂದಾಗಿ ಹೇಳಿ ಹೆಂಗಸರು ನಗುತ್ತಿದ್ದರು, ಕಣ್ಣೊರೆಸುತ್ತಿದ್ದರು. ನಾನು ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ತಿರುವಿದೆ.

"ತಳ ಹತ್ತೈತೆ ಕಣಕ್ಕ, ಇಳಿಸಿ," ಎಂದಳು ಮಾರಕ್ಕ.

"ಹತ್ತಲಿ ಬಿಡು," ಎಂದೆ.

ಸೀಕು ಎಬ್ಬಿಸಿ ಉಪ್ಪು ಉದುರಿಸಿದೆ. ಅರ್ಧ ಮುರಿದು ಎಲೆಯ ಮೇಲೆ, ಸೀರೆಯ ಪಕ್ಕದಲ್ಲಿಟ್ಟೆ. ಇನ್ನರ್ಧ ಕೈಯಲ್ಲಿ ಹಿಡಿದುಕೊಂಡೆ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಒಳಗೆ ದೀಪ ಉರಿಯುತ್ತಿತ್ತು. ನಾನು ಆ ತುಂಡನ್ನು ಬಾಯಿಗಿಟ್ಟು, ಸದ್ದಾಗದಂತೆ ಅಗಿಯುತ್ತ, ಬಾಗಿಲಿಗೆ ಕೈ ಮುಗಿದೆ.

ನಮ್ಮ ಮನೆದೇವರೇ, ಅಪ್ಪಾ ತಿಮ್ಮರಾಯ, ನಿನ್ನನ್ನು ನಂಬದವಳೊಬ್ಬಳು ನಿನ್ನ ಹತ್ತಿರ ಬಂದಿದ್ದಾಳೆ. ನಿನ್ನ ಜೊತೆಗೂ ಜಗಳ ತೆಗೆದಾಳು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬಹಳ ನಡೆದ ಕಾಲು ಅವು, ಕೂರಿಸಿಕೋ. ನೀನು ಕೊಡುವ ನೀರನ್ನಾದರೂ ಅವಳು ಕುಡಿಯಲಿ. ನನ್ನ ಅಮ್ಮನಿಗೆ ಶಾಂತಿ ಕೊಡು, ತಂದೆ.