ಚಮಚ ಕಾರ್ಖಾನೆಯ ಗೇಟಿನವಳು

ನಗರಸಭೆಯ ಆ ಸದಸ್ಯನ ಕೋಟಿನ ಎಡಜೇಬು ಯಾಕೋ ಬಲಜೇಬಿಗಿಂತ ಜಾಸ್ತಿ ಜೋತುಬಿದ್ದಿದೆ, ಏನೋ ಇಟ್ಟುಕೊಂಡಿದ್ದಾನೆ, ಕನ್ನಡಕದ ಡಬ್ಬಿ ಇರಬೇಕು, ಅಲ್ಲ, ಡಬ್ಬಿಯಾದರೆ ಹೀಗೆ ಎಳೆಯುವುದಿಲ್ಲ, ಭಾರದ್ದೇನೋ — ಥೂ, ಹಾಳು ಚಾಳಿ, ಕಾರ್ಖಾನೆಗೆ ಬೀಗ ಬಿದ್ದು ಎಷ್ಟು ಕಾಲವಾಯಿತು, ಕಣ್ಣು ಮಾತ್ರ ಇನ್ನೂ ಡ್ಯೂಟಿಯಿಂದ ಇಳಿದಿಲ್ಲ, ಬಸ್ಸಿನಲ್ಲಿ ಪಕ್ಕದವಳ ತುರುಬು ಕೊಂಚ ದಪ್ಪಗಿದ್ದರೂ ಈ ಗೇಟಿನವಳಿಗೆ ಬೆರಳು ತುರಿಸುತ್ತದೆ. ಚಮಚದ ಕಾರ್ಖಾನೆಯ ಗೇಟು ಕಾಯುವುದೆಂದರೆ ತಮಾಷೆಯೇ, ಚಮಚ ಎಲ್ಲಿ ಬೇಕಾದರೂ ಅಡಗುತ್ತದೆ, ತುರುಬಲ್ಲಿ, ಕಾಲುಚೀಲದಲ್ಲಿ, ಕಂಕುಳಲ್ಲಿ, ಅದಕ್ಕೇ ಪಾಳಿ ಬಿಟ್ಟ ಗಂಟೆ ಹೊಡೆದರೆ ಹೆಂಗಸರೆಲ್ಲ ಅವಳೆದುರು ಸಾಲಾಗಿ ಬಂದು ಎರಡೂ ಕೈ ಮೇಲೆತ್ತಬೇಕು, ಅಂಗೈ ಬಿಚ್ಚಿ, ಬೆರಳು ಅಗಲಿಸಿ, ಆಮೇಲೆ ಇವಳ ಕೈ ಅವರ ಪಕ್ಕೆಗಳ ಮೇಲೆ ಮೇಲಿಂದ ಕೆಳಗೆ ಓಡಬೇಕು, ಎದುರಿಗೆ ಅಕ್ಕ ಅನ್ನುವುದು, ಬೆನ್ನ ಹಿಂದೆ ಎಕ್ಸ್‌ರೇ, ಎಕ್ಸ್‌ರೇ ನಾಳೆ ರಜಾ ಅಂತೆ ಕಣೇ, ಅಯ್ಯೋ ಮೊದಲೇ ಹೇಳಬಾರದಿತ್ತಾ — ಎಲ್ಲ ಕೇಳಿಸುತ್ತಿತ್ತು, ಕೇಳಿಸದವಳ ಹಾಗೆ ನಿಂತಿರುತ್ತಿದ್ದಳು. ಆ ಹೆಂಗಸರೇ ಈಗ ನಗರಸಭೆಯ ಈ ಹಾಲಿನಲ್ಲಿ ಪ್ರೇಕ್ಷಕರ ಬೆಂಚುಗಳ ತುಂಬ ಕೂತಿದ್ದಾರೆ, ಕೂದಲು ನರೆತು, ಮಂಡಿ ನೀವಿಕೊಳ್ಳುತ್ತ, ಅವಳ ಎರಡೂ ಪಕ್ಕ ಮಾತ್ರ ಜಾಗ ಖಾಲಿ ಇತ್ತು, ಹೌದು, ಖಾಲಿ ಬಿಟ್ಟದ್ದೇ. ಮತ್ತೆ ಈ ಪಾಲಿಶ್ ವಿಭಾಗದವಳು ಯಾಕೆ ತಡವಾಗಿ ಬಂದು ಸೀದಾ ಇಲ್ಲೇ ಕೂತಳು, ಸರ್ಕೊಳ್ಳೇ, ನಿನ್ನ ಚೀಲಕ್ಕೂ ಒಂದು ಸೀಟು ಬೇಕಾ ಅಂತ, ಏನೋ ಇದೆ.

ಟೀ ಬೇರೆ ಕೊಟ್ಟಿದ್ದಾರೆ. ನಗರಸಭೆಯವರು ಯಾವತ್ತು ಯಾರಿಗೆ ಟೀ ಕೊಟ್ಟಿದ್ದರು, ಚರಂಡಿ ಕಟ್ಟಿಕೊಂಡಿದೆ ಅಂತ ಬಂದವರಿಗೆ ಕುರ್ಚಿ ತೋರಿಸದವರು, ಚುನಾವಣೆ ಹತ್ತಿರ ಬಂತೇನೋ, ಅವಳು ಟೀ ಮೂಸಿ ಕೆಳಗಿಟ್ಟಳು, ಆರುತ್ತಿದೆ. ಅಧ್ಯಕ್ಷೆ ಓದುತ್ತಿದ್ದಾಳೆ, ಗಂಟಲು ಚೆನ್ನಾಗಿದೆ, ಚೆನ್ನಾಗಿರುವ ಗಂಟಲನ್ನು ನಂಬಬಾರದು, ಮಾಲೀಕರು ಕಾರ್ಖಾನೆ ಮುಚ್ಚಿ ಹೋದರು, ಕಾರ್ಮಿಕರ ಪಿಂಚಣಿ ನಿಧಿ ಬರಿದಾಗಿದೆ, ಕೋರ್ಟಿನಲ್ಲಿ ತೀರ್ಮಾನವಾಗುವ ತನಕ ಈ ನಗರವೇ ತನ್ನ ಖಜಾನೆಯಿಂದ ತಿಂಗಳು ತಿಂಗಳು ನೆರವು ಕೊಡಬೇಕೆಂದು — ಕೊಡ್ತಾರಂತೆ, ಯಾಕೆ, ಇವರೇನು ನಮ್ಮ ಹೊಟ್ಟೆಯಲ್ಲಿ ಹುಟ್ಟಿದವರೇ, ಹೊಟ್ಟೆಯಲ್ಲಿ ಹುಟ್ಟಿದವಳೇ ಬೆಳಿಗ್ಗೆ ಹೇಳಲಿಲ್ಲವೇ, ಅಮ್ಮಾ, ನೀನು ಎಲ್ಲರನ್ನೂ ಕಳ್ಳರ ಥರ ನೋಡ್ತೀಯ, ನನ್ನ ಗಂಡನ್ನೂ ಹಾಗೇ ನೋಡ್ತೀಯ, ಅವರಿಗೆ ಊಟ ಸೇರಲ್ಲ. ನೋಡಬಾರದೆಂದರೆ ಅಳಿಯ ಹಾಗೆ ನಗಬಾರದು, ಅತ್ತೆ ಇಲ್ಲೇ ಇರಲಿ ಬಿಡು ಅನ್ನುವಾಗ ಬಾಯಿ ಒಂದೇ ನಗುತ್ತದೆ, ಕಣ್ಣು ಇವಳ ಮಡಿಸುವ ಮಂಚದ ಕಡೆ ಹೋಗುತ್ತದೆ, ಅವನು ಏಳುವುದರೊಳಗೆ ಅದನ್ನು ಮಡಿಸಿ ಬಾಗಿಲ ಹಿಂದೆ ನಿಲ್ಲಿಸಬೇಕು, ಸದ್ದಾಗದ ಹಾಗೆ, ಮೊಮ್ಮಗಳು ಕೇಳಿದ್ದಳು, ಅಜ್ಜಿ, ನಿನ್ನ ರೂಮು ಎಲ್ಲಿ. ದರ್ಜಿ ಅಂಗಡಿಯ ಮೇಲೆ ಬಾಡಿಗೆಗೆ ಒಂದು ಕೋಣೆ ಇದೆ, ಒಂದೇ ಕಿಟಕಿ, ಕೆಳಗಿಂದ ದಿನವಿಡೀ ಮಿಷನ್ನಿನ ಸದ್ದು, ಆದರೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿದೆ, ಅವಳು ಎರಡು ಸಲ ಹಾಕಿ ತೆಗೆದು ನೋಡಿದಳು, ದರ್ಜಿ ಅಂದ, ದುಡ್ಡು ಬಂದ ಮೇಲೆ ಬನ್ನಿ ಅಕ್ಕ, ಅಲ್ಲಿವರೆಗೆ ಬೇರೆಯವರಿಗೆ ಕೊಡಲ್ಲ, ಯಾಕೆ ಕೊಡಲ್ಲ, ಗಿರಾಕಿಯೇ ಇಲ್ಲವೋ, ಸೂರು ಸೋರುತ್ತದೋ. ಸೋರಿದರೆ ಸೋರಲಿ. ಚಿಲಕ ಇದೆಯಲ್ಲ.

ಎದ್ದ, ಜೋತ ಜೇಬಿನವನು ಎದ್ದ, ಗೊತ್ತಿತ್ತು, ಅಧ್ಯಕ್ಷರೇ, ನನ್ನದು ಒಂದೇ ತಕರಾರು, ಇದು ಕಾರ್ಮಿಕರ ನೆರವು, ಗೇಟಿನ ಸಿಬ್ಬಂದಿ ಕಾರ್ಮಿಕರಲ್ಲ, ಮಾಲೀಕರ ಕಡೆಯವರು, ಅವರನ್ನೂ ಯಾಕೆ ಸೇರಿಸಬೇಕು. ನೋಡಿದೆಯಾ, ಟೀ ಕೊಟ್ಟಾಗಲೇ ಅಂದುಕೊಂಡೆ. ಯಾವ ಕಡೆ, ಎಲ್ಲರ ಸಂಬಳದಿಂದ ಮುರಿದ ಹಾಗೇ ಅವಳದ್ದರಿಂದಲೂ ಮುರಿದಿದ್ದರು, ಅದೇ ನಿಧಿಗೆ, ಮಾಲೀಕರ ಕಡೆಯವಳಾಗಿದ್ದರೆ ಮಳೆಯಲ್ಲಿ ಗೇಟಿನ ಹೊರಗೆ ಯಾಕೆ ನಿಲ್ಲುತ್ತಿದ್ದಳು. ಅಧ್ಯಕ್ಷೆ ತಲೆಯೆತ್ತಿ, ಗೇಟಿನವರು ಯಾರಾದರೂ ಬಂದಿದ್ದೀರಾ ಅಂತಾಳೆ. ಪಕ್ಕೆಗೆ ಪಾಲಿಶ್‌ನವಳ ಮೊಣಕೈ, ಎದ್ದೇಳೇ, ನಿನ್ನನ್ನೇ ಕೇಳ್ತಿರೋದು. ಎದ್ದಳು, ಮಂಡಿ ಲಟಕ್ ಅಂದದ್ದು ಇಡೀ ಹಾಲಿಗೆ ಕೇಳಿಸಿರಬೇಕು. ಸರಿ, ಅಧ್ಯಕ್ಷೆ ಬೆಂಚುಗಳ ಕಡೆ ತಿರುಗಿ, ಇವರ ಜೊತೆ ದುಡಿದವರು ನೀವು, ನೀವೇ ಹೇಳಿ, ಇವರೂ ನಮ್ಮವರೇ ಅನ್ನೋರು ಕೈ ಎತ್ತಿ.

ಮುಗಿಯಿತು. ಇವರನ್ನೇ ಕೇಳುವುದೇ, ಇವರನ್ನೇ, ಆಪರೇಷನ್ ಆಗಿ ವಾಪಸು ಬಂದ ಪ್ಯಾಕಿಂಗಿನವಳ ಹೊಲಿಗೆಯ ಮೇಲೇ ಇವಳ ಕೈ ಒತ್ತಿತ್ತು, ಅವಳು ತುಟಿ ಕಚ್ಚಿ ನಿಂತಿದ್ದಳು, ಈ ಪಾಲಿಶ್‌ನವಳೇ ಆಗ ತುಂಬು ಬಸುರಿ, ಹೊಟ್ಟೆ ತಡವಿದಾಗ, ಏನಕ್ಕಾ, ಇದು ಕಾರ್ಖಾನೆ ಮಾಲಲ್ಲ, ಸ್ವಂತದ್ದು ಅಂದಳು, ಸಾಲಿಗೆ ಸಾಲೇ ನಕ್ಕಿತು, ಇವಳೊಬ್ಬಳು ನಗಲಿಲ್ಲ, ನಕ್ಕರೆ ಸಾಲು ಸಡಿಲಾಗುತ್ತದೆ, ಅವರು ಯಾಕೆ ಎತ್ತುತ್ತಾರೆ, ತಾನಾಗಿದ್ದರೆ ಎತ್ತುತ್ತಿದ್ದಳೇ, ಎತ್ತುತ್ತಿರಲಿಲ್ಲ, ಚೀಲ ತಗೊಂಡು ಹೊರಟುಬಿಡಬೇಕು, ದರ್ಜಿಗೆ ಹೇಳಿಬಿಡಬೇಕು, ಬೇರೆಯವರಿಗೆ ಕೊಟ್ಟುಬಿಡಪ್ಪಾ, ಮಂಚ ಮಡಿಸುವುದು ಕಷ್ಟವೇನಲ್ಲ — ಯಾರೂ ಕೆಮ್ಮುತ್ತಿಲ್ಲ ಯಾಕೆ, ತಿರುಗಿ ನೋಡಬಾರದು, ನೋಡಿದಳು. ಪಾಲಿಶ್‌ನವಳು ಎರಡೂ ಕೈ ಎತ್ತಿದ್ದಾಳೆ. ಒಂದಲ್ಲ, ಎರಡೂ. ಹಿಂದಿನ ಬೆಂಚಿನಲ್ಲಿ ಪ್ಯಾಕಿಂಗಿನವಳು, ಅವಳೂ ಎರಡು, ಅವಳಾಚೆಯವಳು, ಗೋಡೆಯ ತನಕ, ಒಂದು ಕೈ ಸಾಕಮ್ಮಾ, ಒಂದೇ ಕೈ ಅಂತಿದ್ದಾಳೆ ಅಧ್ಯಕ್ಷೆ, ಲೆಕ್ಕ ತಪ್ಪುತ್ತೆ, ಯಾರೂ ಇಳಿಸುತ್ತಿಲ್ಲ, ಇವಳ ಮುಂದೆ ಅವರಿಗೆ ಒಂದು ಕೈ ಎತ್ತಿ ಗೊತ್ತೇ ಇಲ್ಲ, ಎಲ್ಲೋ ಕಿಸಕ್ಕನೆ ನಗು, ಅಣಕವೇ, ಅಣಕವೇ ಇರಬೇಕು, ಸೇರಿ ಮೊದಲೇ ಮಾತಾಡಿಕೊಂಡಿರಬೇಕು, ಇಲ್ಲ, ಪ್ಯಾಕಿಂಗಿನವಳ ಭುಜ ನಡುಗುತ್ತಿದೆ, ಅಣಕಕ್ಕೆ ಯಾರೂ ಇಷ್ಟು ಹೊತ್ತು ನೋವು ತಿನ್ನುವುದಿಲ್ಲ, ಹಾಗಾದರೆ, ಹಾಗಾದರೆ ಇದು ಏನು, ಚೆನ್ನಾಗಿ ನೋಡ್ಕೊಳ್ಳೇ ಎಕ್ಸ್‌ರೇ, ಪಾಲಿಶ್‌ನವಳು ಪಿಸುಗುಟ್ಟಿದಳು, ನಿಂತೇಬಿಟ್ಟೆಯಲ್ಲ, ಅವಳು ನೋಡುತ್ತಾಳೆ, ಎಲ್ಲಿ ಅಡಗಿಸಿದ್ದಾರೆ, ಏನನ್ನು, ಅಂಗೈ ಬಿಚ್ಚಿವೆ, ಬೆರಳು ಅಗಲಿವೆ, ಏನೂ ಇಲ್ಲ, ಮತ್ತೆ ನೋಡುತ್ತಾಳೆ, ಕೈಗಳು, ಎತ್ತಿದ ಹಾಗೇ, ಕೈಗಳು